ಸಂಕಲನದ ಸಲಕರಣೆಗೆ ಊರಿನ ಒರೆಗಲ್ಲು

(ಬೇಲೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬಿಕ್ಕೋಡಿನ ಕಾಫಿ ತೋಟಕ್ಕೆ ಆನೆಯ ಹಿಂಡು ಇಳಿದರೆ ಅದರ ದೃಶ್ಯ ಇಂದು ಯಾರದಾದರೂ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಯಗಚಿಯ ಹಿನ್ನೀರು ತಗ್ಗಿದರೂ, ಅರಸೀಕೆರೆಯ ಕಡೆ ತೆಂಗಿನ ಸುಳಿ ಬಾಡಿದರೂ ಅಷ್ಟೇ. ಆದುದರಿಂದ ಮಲೆನಾಡಿನಲ್ಲಿ ಈಗ ಕೊರತೆಯಿರುವುದು ದೃಶ್ಯಗಳಿಗಲ್ಲ. ಚದುರಿದ ದೃಶ್ಯಗಳನ್ನು ಕ್ರಮವಾಗಿ ಜೋಡಿಸಿ, ಬೇಡದ್ದನ್ನು ಕತ್ತರಿಸಿ, ಎಲ್ಲಿಯದು, ಯಾವ ದಿನದ್ದು, ಮಾತನಾಡುವವರು ಯಾರು ಎಂಬುದನ್ನು ಕನ್ನಡದಲ್ಲಿ ಬರೆದು, ನೋಡುವವರು ನಂಬುವಂಥ ಚಿತ್ರವನ್ನಾಗಿ ಮಾಡುವ ಕೆಲಸಕ್ಕೆ ಕೊರತೆಯಿದೆ. ಆ ಕೆಲಸವೇ ಸಂಕಲನ.

ಹಿಂದೆ ಸಂಕಲನವೆಂದರೆ ಬೆಂಗಳೂರಿನ ಸ್ಟುಡಿಯೊ, ದುಬಾರಿ ಗಣಕಯಂತ್ರ, ಗಂಟೆಯ ಲೆಕ್ಕದ ಬಾಡಿಗೆ. ಈಗ ಅಂತರ್ಜಾಲದ ಮೂಲಕ, ಯಾವ ತಂತ್ರಾಂಶವನ್ನೂ ಸ್ಥಾಪಿಸಿಕೊಳ್ಳದೆ, ಬ್ರೌಸರ್‌ನಲ್ಲೇ ಈ ಕೆಲಸ ಮಾಡಿಕೊಡುವ ಸಲಕರಣೆಗಳು ಬಂದಿವೆ. ಅವುಗಳ ಜಾಹೀರಾತು ನೋಡಿದರೆ ಐದು ನಿಮಿಷದಲ್ಲಿ ಯಾರು ಬೇಕಾದರೂ ಚಿತ್ರ ಮಾಡಬಹುದು. ಆ ‘ಯಾರು ಬೇಕಾದರೂ’ ಎಂಬ ಮಾತಿನೊಳಗೆ ಬೇಲೂರು ತಾಲ್ಲೂಕಿನ ತೋಟದ ಕಾರ್ಮಿಕ ಸೇರಿದ್ದಾನೆಯೇ, ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು ಸೇರಿದ್ದಾಳೆಯೇ ಎಂಬುದನ್ನು ಪರೀಕ್ಷಿಸಿ ನೋಡುವ ಬಗೆ ಹೇಗೆ ಎಂಬುದು ಈ ಉಪನ್ಯಾಸದ ವಿಷಯ.

ಚಿತ್ರವೊಂದರ ಬೆಲೆ

ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ಕೇಳುವವರು ಕುದುರೆಮುಖವನ್ನು ನೆನೆಯಬೇಕು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದಾದ ಹಾನಿಯನ್ನು ಕುರಿತು ವನ್ಯಜೀವಿ ಚಿತ್ರ ನಿರ್ದೇಶಕ ಶೇಖರ್ ದತ್ತಾತ್ರಿ ಅವರು 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರ ತಯಾರಿಸಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ಕೊನೆಯ ಗಡುವು ವಿಧಿಸಿತು. 2005ರ ಅಂತ್ಯಕ್ಕೆ ಗಣಿ ನಿಂತಿತು. ಚಿತ್ರವೊಂದರಿಂದಲೇ ಗಣಿ ನಿಂತಿತೆನ್ನುವುದು ಸರಿಯಲ್ಲ; ದಾಖಲೆಗಳು, ಅರ್ಜಿಗಳು, ವರ್ಷಗಳ ಹೋರಾಟ ಅದರ ಹಿಂದಿದ್ದವು. ಆದರೆ ಕಾಡಿನೊಳಗೆ ಹೋಗಲಾಗದವರ ಕಣ್ಣಿಗೆ ಕಾಡನ್ನು ತಂದು ನಿಲ್ಲಿಸುವ ಕೆಲಸವನ್ನು ಚಿತ್ರ ಮಾಡಿತು.

ಇನ್ನೊಂದು ಮುಖವನ್ನೂ ನೋಡಬೇಕು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಮೃತಪಟ್ಟಾಗ, ಸಾವು ಹೇಗಾಯಿತೆಂಬ ಬಗ್ಗೆ ಒಂದಕ್ಕೊಂದು ಹೊಂದದ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅಂಥ ಹೊತ್ತಿನಲ್ಲಿ ದಿನ, ಸ್ಥಳ, ಹೇಳಿದವರ ಹೆಸರು ಇಲ್ಲದ ತುಣುಕು ಸತ್ಯಕ್ಕೂ ನೆರವಾಗದು, ನೊಂದವರಿಗೂ ನೆರವಾಗದು. ಒಳ್ಳೆಯ ಸಲಕರಣೆಯೊಂದು ಈ ಮೂರು ವಿವರಗಳನ್ನು ಸೇರಿಸುವುದನ್ನು ಸುಲಭಗೊಳಿಸಬೇಕು.

‘ಬಳಕೆಯ ಅನುಭವ’ ಎಂದರೇನು

ಸಲಕರಣೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಅಭಿಪ್ರಾಯ ಮಾತ್ರ. ಅದನ್ನು ಅಳತೆಗೆ ತರಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲಿ ರೂಪಿಸಿ 2018ರಲ್ಲಿ ಪರಿಷ್ಕರಿಸಿದ 9241-11 ಸಂಖ್ಯೆಯ ಮಾನಕವೊಂದಿದೆ. ಅದರ ಪ್ರಕಾರ ಬಳಕೆಯ ಯೋಗ್ಯತೆಗೆ ಮೂರು ಅಂಗಗಳು: ಹಿಡಿದ ಕೆಲಸ ಕೈಗೂಡಿತೇ, ಅದಕ್ಕೆ ಎಷ್ಟು ಹೊತ್ತು ಮತ್ತು ಶ್ರಮ ತಗುಲಿತು, ಮಾಡಿದವರಿಗೆ ಸಮಾಧಾನವಾಯಿತೇ. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಆ ಮಾನಕದಲ್ಲೇ ಇದೆ. ಈ ಮೂರನ್ನೂ ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಉದ್ದೇಶ, ನಿರ್ದಿಷ್ಟ ಸನ್ನಿವೇಶದಲ್ಲಿ ಇಟ್ಟು ಅಳೆಯಬೇಕು. ಎಂದರೆ ನಗರದ ಕಚೇರಿಯಲ್ಲಿ ಮೇಲ್ದರ್ಜೆಯ ಅಂಕ ಪಡೆದ ಸಲಕರಣೆ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಮಲೆನಾಡಿನ ಮನೆಯಲ್ಲಿ ಅದೇ ಅಂಕ ಪಡೆಯಬೇಕೆಂದೇನೂ ಇಲ್ಲ. ಊರಿನ ಪರೀಕ್ಷೆಯನ್ನು ಊರಿನಲ್ಲೇ ಮಾಡಬೇಕು.

ಪರೀಕ್ಷೆ ಮಾಡುವ ಬಗೆ

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಬಳಕೆಯ ಯೋಗ್ಯತೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದಂತೆ, ಐವರನ್ನು ಕೂರಿಸಿ ನೋಡಿದರೆ ಸಲಕರಣೆಯ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಹೊರಬೀಳುತ್ತವೆ. ಬಳಸುವವರಲ್ಲಿ ತೀರ ಬೇರೆಯಾದ ಎರಡು ಗುಂಪುಗಳಿದ್ದರೆ ಒಂದೊಂದರಿಂದ ಮೂವರು ನಾಲ್ವರನ್ನು ಕರೆಯಬೇಕೆಂಬುದೂ ಅವರ ಸಲಹೆ. ಇಲ್ಲಿ ಅಂಥ ಎರಡು ಗುಂಪುಗಳಿವೆ: ಮೊಬೈಲಿನ ಜೊತೆಗೇ ಬೆಳೆದ ಕಾಲೇಜು ವಿದ್ಯಾರ್ಥಿಗಳು ಮತ್ತು ಗಣಕಯಂತ್ರದ ಮೌಸನ್ನು ಅಪರೂಪಕ್ಕೆ ಮುಟ್ಟುವ ಗ್ರಾಮಸ್ಥರು. ಮೂವರು ವಿದ್ಯಾರ್ಥಿಗಳು, ಮೂವರು ಗ್ರಾಮಸ್ಥರು ಸಾಕು.

ಆರು ಮಂದಿಗೂ ಒಂದೇ ಕೆಲಸ ಕೊಡಬೇಕು. ಎಂಟು ನಿಮಿಷದ ಕಚ್ಚಾ ದೃಶ್ಯವನ್ನು ಎರಡು ನಿಮಿಷಕ್ಕೆ ಇಳಿಸುವುದು, ಆರಂಭದಲ್ಲಿ ಕನ್ನಡ ಶೀರ್ಷಿಕೆ ಹಾಕುವುದು, ಮಾತನಾಡುವವರ ಹೆಸರು ಮತ್ತು ಊರನ್ನು ಕೆಳಗೆ ಬರೆಯುವುದು, ಒಬ್ಬರ ಮುಖ ಮಸುಕುಗೊಳಿಸುವುದು, ಹಿನ್ನೆಲೆಯಲ್ಲಿ ವಿವರಣೆಯ ಧ್ವನಿ ಸೇರಿಸುವುದು, ಸಿದ್ಧವಾದ ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ಈ ಆರು ಹೆಜ್ಜೆಗಳಲ್ಲಿ ಯಾರು ಎಲ್ಲಿ ನಿಂತರು, ಎಷ್ಟು ನಿಮಿಷ ನಿಂತರು, ಎಲ್ಲಿಂದ ಹಿಂದಕ್ಕೆ ಹೋದರು, ಯಾವ ಹೆಜ್ಜೆಯನ್ನು ಕೈಬಿಟ್ಟರು ಎಂಬುದನ್ನು ಒಬ್ಬರು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು.

ಕೆಲಸ ಮಾಡುವವರು ತಮ್ಮ ಮನಸ್ಸಿನಲ್ಲಿ ಹಾದುಹೋಗುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು, ಅದೂ ತಮ್ಮ ಮನೆಮಾತಿನಲ್ಲೇ. ‘ಇದೇನು ಕತ್ತರಿ ಚಿತ್ರ, ಒತ್ತಿದರೆ ಎಲ್ಲ ಹೋಗಿಬಿಡುತ್ತದೋ ಏನೋ’ ಎಂಬ ಅಂಜಿಕೆಯ ಮಾತಿನಲ್ಲಿ, ನೂರು ಪ್ರಶ್ನೆಗಳ ನಮೂನೆಯಲ್ಲಿ ಸಿಗದ ಸತ್ಯ ಇರುತ್ತದೆ. ಪಕ್ಕದಲ್ಲಿ ಕುಳಿತವರು ಬಾಯಿ ಮುಚ್ಚಿಕೊಂಡಿರಬೇಕು. ಎಲ್ಲಕ್ಕಿಂತ ಕಷ್ಟದ ನಿಯಮ ಇದೇ. ಅಜ್ಜಿ ತಡವರಿಸಿದ ಕೂಡಲೇ ಮೊಮ್ಮಗ ಮೌಸು ಕಸಿದುಕೊಂಡರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ತಡವರಿಕೆ ಅಜ್ಜಿಯ ದೋಷವಲ್ಲ, ಸಲಕರಣೆಯ ದೋಷ ಎಂಬ ತಿಳಿವಳಿಕೆಯಿಂದಲೇ ಈ ಪರೀಕ್ಷೆ ಆರಂಭವಾಗುತ್ತದೆ.

ಪದಗಳೂ ತೊಡಕು ಮಾಡುತ್ತವೆ. ‘ಕ್ರಾಪ್’ ಎಂಬ ಗುಂಡಿ ಕೃಷಿಕನಿಗೆ ಬೆಳೆಯನ್ನು ನೆನಪಿಸುತ್ತದೆ, ಹಳಬರಿಗೆ ಕ್ಷೌರದಂಗಡಿಯನ್ನು. ದೃಶ್ಯದ ಅಂಚನ್ನು ಕತ್ತರಿಸುವುದು, ಅವಧಿಯನ್ನು ಕತ್ತರಿಸುವುದು, ತುಣುಕನ್ನು ಎರಡಾಗಿ ಸೀಳುವುದು ಇವು ಮೂರು ಬೇರೆ ಬೇರೆ ಕೆಲಸಗಳೆಂದು ಪರದೆಯನ್ನು ನೋಡಿದೊಡನೆ ತಿಳಿಯುವಂತಿರಬೇಕು.

ಕೆಲಸ ಮುಗಿದ ಮೇಲೆ ಸಮಾಧಾನವನ್ನು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಒಂದು ಹೇಳಿಕೆ ಸಲಕರಣೆಯ ಪರ, ಮುಂದಿನದು ವಿರುದ್ಧ, ಹೀಗೆ ಸಾಗುವುದರಿಂದ ಸಂಕೋಚದಿಂದ ಎಲ್ಲಕ್ಕೂ ‘ಹೌದು’ ಎನ್ನುವವರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ನೂರಕ್ಕೆ 68ರ ಆಸುಪಾಸು ಸರಾಸರಿ ಎಂದು ತಿಳಿಯಲಾಗಿದೆ. ಹೇಳಿಕೆಗಳನ್ನು ಕನ್ನಡಕ್ಕೆ ತಂದು, ಓದಲು ಬಾರದವರಿಗೆ ಓದಿ ಹೇಳಿ ಅಂಕ ಪಡೆಯಬಹುದು.

ಮೊದಲ ಒರೆ: ಏರಿಸುವ ಹೊತ್ತು

ಲೆಕ್ಕವೊಂದನ್ನು ಮಾಡಿ ನೋಡುವುದು ಒಳ್ಳೆಯದು. ಸಾಮಾನ್ಯ ಮೊಬೈಲ್ ಪೂರ್ಣ ಎಚ್‌ಡಿ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ ನಿಮಿಷಕ್ಕೆ ಸುಮಾರು 125 ಮೆಗಾಬೈಟ್ ಆಗುತ್ತದೆ. ಎಂಟು ನಿಮಿಷಕ್ಕೆ 1 ಗಿಗಾಬೈಟ್. ಕಡತವನ್ನು ಅಂತರ್ಜಾಲಕ್ಕೆ ಏರಿಸುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಎಂದು ಹಿಡಿದರೆ, ಅಷ್ಟನ್ನು ಏರಿಸಲು 8000 ಸೆಕೆಂಡು, ಎಂದರೆ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಮೊಬೈಲ್ ಕಂಪನಿಗಳು ಹೇಳಿಕೊಳ್ಳುವ ವೇಗ ಬಹುಮಟ್ಟಿಗೆ ಇಳಿಸಿಕೊಳ್ಳುವ ವೇಗ. ಏರಿಸುವ ವೇಗ ಅದಕ್ಕಿಂತ ಕಡಿಮೆಯೇ ಇರುತ್ತದೆ. ನಡುವೆ ಒಮ್ಮೆ ಸಂಪರ್ಕ ಕಡಿದರೆ ಕೆಲವು ಸಲಕರಣೆಗಳು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಆರಂಭಿಸುತ್ತವೆ. ಮಲೆನಾಡಿನಲ್ಲಿ ಈ ಒಂದು ವ್ಯತ್ಯಾಸವೇ ಚಿತ್ರ ಆಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸಿಬಿಡುತ್ತದೆ.

ಇದಕ್ಕೆ ಪರಿಹಾರಗಳುಂಟು. ದೃಶ್ಯದ ಹಗುರ ಪ್ರತಿಯೊಂದನ್ನು ಮಾಡಿ, ಅದರ ಮೇಲೆ ಸಂಕಲನ ನಡೆಸಿ, ಕೊನೆಗೆ ಮೂಲ ದೃಶ್ಯಕ್ಕೆ ಅದೇ ಕತ್ತರಿ ಗುರುತುಗಳನ್ನು ಅನ್ವಯಿಸುವುದು ಒಂದು ದಾರಿ. ಸೆಕೆಂಡಿಗೆ ಅರ್ಧ ಮೆಗಾಬಿಟ್ಟಿನ ಹಗುರ ಪ್ರತಿಯಾದರೆ ಅದೇ ಎಂಟು ನಿಮಿಷ ಕೇವಲ 30 ಮೆಗಾಬೈಟಿನಷ್ಟಾಗಿ, ನಾಲ್ಕು ನಿಮಿಷದಲ್ಲಿ ಏರುತ್ತದೆ. ಕಡತವನ್ನು ಎಲ್ಲಿಗೂ ಕಳಿಸದೆ ಬಳಕೆದಾರನ ಗಣಕಯಂತ್ರದಲ್ಲೇ ಬ್ರೌಸರ್ ಮೂಲಕ ಸಂಸ್ಕರಿಸುವುದು ಇನ್ನೊಂದು ದಾರಿ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ 2021ರಲ್ಲಿ ಮೈಕ್ರೋಸಾಫ್ಟ್ ಕೈಸೇರಿದ ಕ್ಲಿಪ್‌ಚಾಂಪ್ ಈ ದಾರಿಯಿಂದಲೇ ಹೆಸರು ಮಾಡಿತು. ಆದರೆ ಆಗ ಭಾರವೆಲ್ಲ ಗಣಕಯಂತ್ರದ ಮೇಲೆ ಬೀಳುತ್ತದೆ. ಶಾಲೆಯ ಹಳೆಯ ಗಣಕಯಂತ್ರ ಅದನ್ನು ತಾಳೀತೇ ಎಂದು ನೋಡಬೇಕು. ಕರೆಂಟು ಹೋಗಿ ಬಂದ ಮೇಲೆ ಮಾಡಿದ ಕೆಲಸ ಎಲ್ಲಿಯವರೆಗೆ ಉಳಿದಿದೆ ಎಂಬುದನ್ನು ತಿಳಿಯಲು ಪರೀಕ್ಷೆಯ ನಡುವೆ ಬೇಕೆಂದೇ ಒಮ್ಮೆ ಸಂಪರ್ಕ ತಪ್ಪಿಸಿ ನೋಡುವುದು ಲೇಸು.

ಎರಡನೆಯ ಒರೆ: ಕನ್ನಡದ ಅಕ್ಷರ

ಬೇಲೂರಿನವರಿಗೆ ಇದಕ್ಕೊಂದು ಸುಲಭ ಪರೀಕ್ಷೆಯಿದೆ. 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ದೊರೆಯ ಹೆಸರನ್ನು ಶೀರ್ಷಿಕೆಯ ಪೆಟ್ಟಿಗೆಯಲ್ಲಿ ಬರೆಯಬೇಕು: ವಿಷ್ಣುವರ್ಧನ. ಈ ಒಂದು ಹೆಸರಿನಲ್ಲಿ ಒತ್ತಕ್ಷರವೂ ಇದೆ, ಅರ್ಕಾವೊತ್ತೂ ಇದೆ. ಯುನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಶೇಖರವಾಗುತ್ತವೆ. ಅವನ್ನು ಒತ್ತು, ಗುಣಿತಗಳೊಡನೆ ಸರಿಯಾದ ರೂಪಕ್ಕೆ ತರುವುದು ಸಲಕರಣೆಯ ಹೊಣೆ. ಆ ಹೊಣೆಯನ್ನು ನಿರ್ವಹಿಸದ ಸಲಕರಣೆಯಲ್ಲಿ ‘ವಿಷ್‌ಣುವರ್‌ಧನ’ ಎಂದು ಒಡೆದ ಅಕ್ಷರ ಮೂಡುತ್ತದೆ. ಬಿಕ್ಕೋಡು ‘ಬಿಕ್‌ಕೋಡು’ ಆಗುತ್ತದೆ. ಕೆಲವೊಮ್ಮೆ ಪರದೆಯ ಮೇಲೆ ಸರಿಯಾಗಿ ಕಂಡ ಅಕ್ಷರ ಇಳಿಸಿಕೊಂಡ ಚಿತ್ರದಲ್ಲಿ ಒಡೆದಿರುವುದುಂಟು. ಮುನ್ನೋಟವನ್ನು ಬರೆಯುವುದು ಇಲ್ಲಿನ ಬ್ರೌಸರ್, ಅಂತಿಮ ಚಿತ್ರವನ್ನು ಬರೆಯುವುದು ಎಲ್ಲೋ ದೂರದ ಗಣಕಯಂತ್ರ. ಎರಡರ ಅಕ್ಷರಜ್ಞಾನ ಒಂದೇ ಆಗಿರಬೇಕೆಂದಿಲ್ಲ. ಆದುದರಿಂದ ಅಕ್ಷರವನ್ನು ಇಳಿಸಿಕೊಂಡ ಚಿತ್ರದಲ್ಲೇ ಪರೀಕ್ಷಿಸಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟುಕೊಂಡ ಪಠ್ಯವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಇದು ಸಲಕರಣೆಯ ತಪ್ಪಲ್ಲ. ಮೊದಲು ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಆಡಿದ ಮಾತನ್ನು ತಾನೇ ಕನ್ನಡ ಬರಹಕ್ಕಿಳಿಸುತ್ತೇನೆನ್ನುವ ಸಲಕರಣೆಯನ್ನು ವಾರ್ತಾವಾಚಕರ ಕನ್ನಡದಲ್ಲಿ ಪರೀಕ್ಷಿಸಿ ಫಲವಿಲ್ಲ. ತೋಟದ ಕೆಲಸಗಾರರ ಮಾತು, ಸಂತೆಯ ಮಾತು, ಹಿನ್ನೆಲೆಯಲ್ಲಿ ಮಳೆಯ ಸದ್ದು ಇರುವ ಮಾತು, ಇವುಗಳಲ್ಲಿ ಅದು ಎಷ್ಟು ತಪ್ಪುತ್ತದೆಂದು ಎಣಿಸಬೇಕು.

ಮೂರನೆಯ ಒರೆ: ‘ಉಚಿತ’ದ ಬೆಲೆ

ಎರಡು ಗಂಟೆ ಕುಳಿತು ಚಿತ್ರ ಕಟ್ಟಿದ ಮೇಲೆ, ಇಳಿಸಿಕೊಳ್ಳುವ ಗುಂಡಿ ಒತ್ತಿದಾಗ ಮಾತ್ರ ‘ಕಂಪನಿಯ ಮುದ್ರೆಯಿಲ್ಲದ ಪ್ರತಿಗೆ ಹಣ ಕೊಡಿ’ ಎಂಬ ಫಲಕ ಕಾಣಿಸಿದರೆ ಅದನ್ನು ಬಳಕೆದಾರನ ಅಜಾಗರೂಕತೆ ಎನ್ನಲಾಗದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ಬೆಲೆಯನ್ನು ಮೊದಲು ಮರೆಮಾಡಿ ಹಂತಹಂತವಾಗಿ ಹೊರಗೆಡಹುವುದು, ಚಂದಾದಾರಿಕೆಯಿಂದ ಹೊರಬರುವ ದಾರಿಯನ್ನು ಕಷ್ಟಗೊಳಿಸುವುದು ಅವುಗಳಲ್ಲಿ ಸೇರಿವೆ. ಪರೀಕ್ಷೆಯ ಪುಸ್ತಕದಲ್ಲಿ ಇದಕ್ಕೊಂದು ಅಂಕಣ ಇರಬೇಕು: ಹಣದ ಮಾತು ಯಾವ ಹೆಜ್ಜೆಯಲ್ಲಿ ಬಂತು?

ನಾಲ್ಕನೆಯ ಒರೆ: ಮುಖ, ಸ್ಥಳ, ಹೆಸರು

ಊರಿನ ಚಿತ್ರದಲ್ಲಿ ಕಾಣಿಸುವವರು ಊರಿನಲ್ಲೇ ಬಾಳಬೇಕಾದವರು. ಕೂಲಿಯ ಬಗ್ಗೆ, ಒತ್ತುವರಿಯ ಬಗ್ಗೆ, ಅಕ್ರಮ ಮರಳಿನ ಬಗ್ಗೆ ಮಾತನಾಡಿದವರ ಮುಖವನ್ನು ಮಸುಕುಗೊಳಿಸುವ ಸೌಲಭ್ಯ ಸಲಕರಣೆಯಲ್ಲಿ ಇದೆಯೇ? ಮುಖ ಅತ್ತಿತ್ತ ತಿರುಗಿದಾಗ ಮಸುಕು ಅದನ್ನು ಹಿಂಬಾಲಿಸುತ್ತದೆಯೇ? ಒಂದೇ ಒಂದು ಕ್ಷಣ ಮುಖ ಬಯಲಾದರೂ ಮುಚ್ಚಿದ್ದೆಲ್ಲ ವ್ಯರ್ಥ. ಮೊಬೈಲಿನ ದೃಶ್ಯದೊಳಗೆ ಚಿತ್ರೀಕರಿಸಿದ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಆನೆ ತಂಗಿದ ಜಾಗ, ಅಪರೂಪದ ಗಿಡವಿರುವ ಜಾಗಗಳ ದೃಶ್ಯಗಳಲ್ಲಿ ಇದು ಅಪಾಯಕಾರಿ. ಅಂತರ್ಜಾಲದ ಸಲಕರಣೆಗೆ ಕಡತವನ್ನು ಏರಿಸುವ ಮೊದಲೇ ಈ ಮಾಹಿತಿಯನ್ನು ಅಳಿಸಿದ ಪ್ರತಿಯೊಂದನ್ನು ಮಾಡಿಕೊಳ್ಳುವುದು ಕ್ಷೇಮ. ಏರಿದ ಮೇಲೆ ಅದು ಯಾರ ಗಣಕಯಂತ್ರದಲ್ಲಿ, ಎಷ್ಟು ಕಾಲ ಇರುತ್ತದೆ ಎಂಬುದು ಬಳಕೆದಾರನ ಕೈಯಲ್ಲಿರುವುದಿಲ್ಲ.

ಅಡಗಿಸಬೇಕಾದವರನ್ನು ಅಡಗಿಸುವಂತೆಯೇ, ಕೆಲಸ ಮಾಡಿದವರನ್ನು ಹೆಸರಿಸುವುದೂ ನ್ಯಾಯ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿರುವುದರಿಂದಲೇ ಒಂಬತ್ತು ಶತಮಾನಗಳ ನಂತರವೂ ಅವರು ಯಾರೆಂದು ತಿಳಿಯುತ್ತದೆ. ಒಪ್ಪಿಗೆ ಕೊಟ್ಟವರ, ಚಿತ್ರೀಕರಿಸಿದವರ, ಧ್ವನಿ ಕೊಟ್ಟವರ ಹೆಸರುಗಳನ್ನು ಕೊನೆಗೆ ಹಾಕಲು ಉಚಿತ ಆವೃತ್ತಿಯಲ್ಲೂ ಅವಕಾಶವಿರಬೇಕು.

ಐದನೆಯ ಒರೆ: ಹೊರಬರುವ ದಾರಿ

ಸಲಕರಣೆಯೊಳಗೆ ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಹೊರಬರುವ ದಾರಿಯನ್ನು ನೋಡುವವರು ಕಡಿಮೆ. ಅಂತರ್ಜಾಲದ ವಿಡಿಯೊ ಸಂಕಲನದ ಚರಿತ್ರೆ ಚಿಕ್ಕದಾದರೂ ಮುಚ್ಚಿದ ಬಾಗಿಲುಗಳಿಂದ ತುಂಬಿದೆ. ಈ ಬಗೆಯ ಮೊದಲ ಸಲಕರಣೆಗಳಲ್ಲೊಂದಾದ ಜಂಪ್‌ಕಟ್ ಅನ್ನು ಯಾಹೂ 2006ರಲ್ಲಿ ಕೊಂಡುಕೊಂಡಿತು, 2009ರಲ್ಲಿ ಮುಚ್ಚಿತು. ಯೂಟ್ಯೂಬ್ 2010ರಲ್ಲಿ ಆರಂಭಿಸಿದ ತನ್ನದೇ ಸಂಕಲನ ಸಲಕರಣೆಯನ್ನು 2017ರ ಸೆಪ್ಟೆಂಬರ್ 20ರಂದು ನಿಲ್ಲಿಸಿತು. ದೃಶ್ಯದ ಮೇಲೆ ಟಿಪ್ಪಣಿ ಅಂಟಿಸುವ ಅದರ ಸೌಲಭ್ಯ ನಿಂತುದಷ್ಟೇ ಅಲ್ಲ, ಅದುವರೆಗೆ ಅಂಟಿಸಿದ್ದ ಟಿಪ್ಪಣಿಗಳೆಲ್ಲ 2019ರ ಜನವರಿಯಲ್ಲಿ ಅಳಿದುಹೋದವು. ಬೇರೆಯವರ ಚಿತ್ರಕ್ಕೆ ವೀಕ್ಷಕರೇ ಉಪಶೀರ್ಷಿಕೆ ಬರೆದುಕೊಡುವ ವ್ಯವಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಕನ್ನಡದಂಥ ಭಾಷೆಗಳಿಗೆ ಅದೊಂದು ನಷ್ಟ. ಸರ್ಕಾರದ ಆದೇಶದಿಂದಲೂ ಬಾಗಿಲು ಮುಚ್ಚಬಹುದು: 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಅಲ್ಲದೆ ವಿವಾವಿಡಿಯೊ ಎಂಬ ಸಂಕಲನದ ಆ್ಯಪ್ ಕೂಡ ಇತ್ತು.

ಈ ಒಂದೊಂದು ನಿರ್ಧಾರಕ್ಕೂ ಆಯಾ ಸಂಸ್ಥೆಯ, ಸರ್ಕಾರದ ಕಾರಣಗಳಿದ್ದವು. ಬಳಕೆದಾರನಿಗೆ ಸಂಬಂಧಿಸಿದ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಈ ಸಲಕರಣೆ ಇಲ್ಲವಾದರೆ ಕೈಯಲ್ಲಿ ಏನು ಉಳಿಯುತ್ತದೆ? ಸಿದ್ಧ ಚಿತ್ರ, ಕಚ್ಚಾ ದೃಶ್ಯ, ಉಪಶೀರ್ಷಿಕೆಯ ಪಠ್ಯ, ಧ್ವನಿ ಇವು ನಾಲ್ಕನ್ನೂ ಬೇರೆಬೇರೆಯಾಗಿ ಇಳಿಸಿಕೊಳ್ಳಲು ಬಿಡುವ ಸಲಕರಣೆಗೆ ಹೆಚ್ಚಿನ ಅಂಕ ಸಲ್ಲಬೇಕು. ಉಪಶೀರ್ಷಿಕೆ ಎಸ್‌ಆರ್‌ಟಿ ಎಂಬ ಸರಳ ಪಠ್ಯರೂಪದಲ್ಲಿ ಸಿಕ್ಕರೆ ಅದನ್ನು ಮುಂದೆ ಯಾವ ಸಲಕರಣೆಯಲ್ಲಾದರೂ ಬಳಸಬಹುದು.

ಮೂಲದ ಪಾವಿತ್ರ್ಯ

ಸಂಕಲಿತ ಚಿತ್ರ ಜನರ ಮನಸ್ಸನ್ನು ತಟ್ಟುತ್ತದೆ. ಕಚೇರಿ, ನ್ಯಾಯಾಲಯಗಳು ಕೇಳುವುದು ಮೂಲವನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಸಲ್ಲಿಸಬೇಕು, ಅದರಲ್ಲಿ ಕಡತದ ‘ಹ್ಯಾಶ್’ ಸಂಖ್ಯೆಯನ್ನು ನಮೂದಿಸಬೇಕು. ಅದು ಕಡತದ ಬೆರಳಚ್ಚಿನಂಥದು. ಒಂದೇ ಒಂದು ಚೌಕಟ್ಟನ್ನು ಕತ್ತರಿಸಿದರೂ ಬದಲಾಗುತ್ತದೆ. ಆದುದರಿಂದ ಮೊಬೈಲಿನಲ್ಲಿ ಸೆರೆಹಿಡಿದ ಮೂಲ ಕಡತವನ್ನು ಹೆಸರನ್ನೂ ಬದಲಿಸದೆ ಎರಡು ಕಡೆ ನಕಲಿಸಿ ಇಟ್ಟು, ಮೂರನೆಯ ಪ್ರತಿಯ ಮೇಲೆ ಮಾತ್ರ ಸಂಕಲನ ನಡೆಸಬೇಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಬಂದದ್ದು ಕುಗ್ಗಿಸಿದ ಪ್ರತಿ, ಅದು ಮೂಲವಲ್ಲ.

ಕಚ್ಚಾ ದೃಶ್ಯಕ್ಕೆ ತನ್ನದೇ ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟ ಪ್ರಯೋಗವೊಂದು ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಹಾಗೂ ಮುಂಬಯಿ, ಬರ್ಲಿನ್‌ಗಳ ಗೆಳೆಯರ ಗುಂಪುಗಳು ಸೇರಿ 2008ರಲ್ಲಿ ತೆರೆದ ‘ಪದ್ಮ’ ಎಂಬ ಅಂತರ್ಜಾಲ ಸಂಗ್ರಹ. ಅಲ್ಲಿ ಸಿದ್ಧ ಚಿತ್ರಗಳಿಗಿಂತ, ಚಿತ್ರದಲ್ಲಿ ಸೇರದೆ ಉಳಿದ ದೃಶ್ಯಗಳಿಗೆ ಪ್ರಾಧಾನ್ಯ. ಯಾವ ನಿಮಿಷದ ಯಾವ ಸೆಕೆಂಡಿನಲ್ಲಿ ಯಾರು ಏನು ಹೇಳಿದರೆಂಬ ಟಿಪ್ಪಣಿಯನ್ನು ದೃಶ್ಯದ ಜೊತೆಗೇ ಓದಬಹುದು. ಊರಿನ ಸಂಘವೊಂದು ಇದೇ ಕ್ರಮವನ್ನು ನೋಟುಪುಸ್ತಕದಲ್ಲೇ ಅನುಸರಿಸಬಹುದು: ದಿನಾಂಕ, ಸ್ಥಳ, ಚಿತ್ರೀಕರಿಸಿದವರು, ನಿಮಿಷವಾರು ವಿವರ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ಅದಕ್ಕೆ ಮೊದಲು ಸಕಲೇಶಪುರದ ಕಡೆಯ ಹಳ್ಳಕೊಳ್ಳಗಳು ಹೇಗಿದ್ದವೆಂದು ಯಾರ ಮೊಬೈಲಿನಲ್ಲಾದರೂ ದಿನಾಂಕಸಹಿತ ದೃಶ್ಯವಿದ್ದರೆ, ಯೋಜನೆಯ ಪರವಾದರೂ ವಿರೋಧವಾದರೂ ಮುಂದಿನ ಚರ್ಚೆಗೆ ಅದೇ ಆಧಾರ. ಹಾದುಹೋದ ಮಳೆಗಾಲವನ್ನು ಮತ್ತೆ ಚಿತ್ರೀಕರಿಸಲಾಗದು.

ಕೊನೆಯ ಮಾತು

ಐದು ಒರೆಗಳಲ್ಲಿ ಎಲ್ಲವನ್ನೂ ಗೆಲ್ಲುವ ಸಲಕರಣೆ ಸಿಗದಿರಬಹುದು. ಅಂತರ್ಜಾಲದ ಸಲಕರಣೆ ಸೋತಲ್ಲಿ ಕೆಡೆನ್‌ಲೈವ್, ಓಪನ್‌ಶಾಟ್, ಶಾಟ್‌ಕಟ್‌ನಂಥ ಮುಕ್ತ ತಂತ್ರಾಂಶಗಳನ್ನು ಒಮ್ಮೆ ಗಣಕಯಂತ್ರಕ್ಕೆ ಹಾಕಿಕೊಂಡರೆ ಸಂಪರ್ಕವಿಲ್ಲದೆಯೂ ಕೆಲಸ ನಡೆಯುತ್ತದೆ. ಮುದ್ರೆಯ ಕಾಟವಿಲ್ಲ, ಚಂದಾ ಇಲ್ಲ. ಕಲಿಯಲು ಮೊದಲ ದಿನ ಕಷ್ಟವಾಗಬಹುದು. ಅವುಗಳನ್ನೂ ಅದೇ ಆರು ಮಂದಿಯ ಮುಂದೆ, ಅದೇ ಆರು ಹೆಜ್ಜೆಗಳಲ್ಲಿ ಇಟ್ಟು ಹೋಲಿಸಬೇಕು.

ಕಾಲೇಜಿನ ವಿದ್ಯಾರ್ಥಿಗಳು ಒಂದು ಶನಿವಾರ, ಭಾನುವಾರ ಇದಕ್ಕೆ ಮೀಸಲಿಟ್ಟರೆ ಸಾಕು. ಎರಡು ಸಲಕರಣೆ, ಆರು ಮಂದಿ, ಒಂದು ನೋಟುಪುಸ್ತಕ, ಒಂದು ಗಡಿಯಾರ. ಬಂದ ಫಲಿತಾಂಶವನ್ನು, ಪರೀಕ್ಷಿಸಿದ ದಿನಾಂಕವನ್ನೂ ಸೇರಿಸಿ, ಹಾಳೆಯೊಂದರಲ್ಲಿ ಬರೆದು ಗ್ರಂಥಾಲಯದ ಗೋಡೆಗೆ, ಹಾಲಿನ ಡೇರಿಯ ಗೋಡೆಗೆ ಅಂಟಿಸಬಹುದು. ಸಲಕರಣೆಗಳು ತಿಂಗಳಿಗೊಮ್ಮೆ ರೂಪ ಬದಲಿಸುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

ಆಯ್ಕೆಯ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಮರೆಯಬಾರದು. ಕನ್ನಡವಷ್ಟೇ ಬಲ್ಲ, ನಿಧಾನದ ಸಂಪರ್ಕವುಳ್ಳ, ಕೈಯಲ್ಲಿ ಹಣವಿಲ್ಲದ ಊರಿನ ಒಬ್ಬರು ಈ ಸಲಕರಣೆಯಿಂದ ತಮ್ಮ ಮಾತನ್ನು ಪೂರ್ತಿಯಾಗಿ ಹೇಳಿ, ತಮ್ಮ ಮೂಲವನ್ನು ತಮ್ಮಲ್ಲೇ ಉಳಿಸಿಕೊಂಡು ಹೊರಬರಬಲ್ಲರೇ? ಹೌದು ಎಂದಾದರೆ ಅದು ಊರಿಗೆ ಯೋಗ್ಯವಾದ ಸಲಕರಣೆ. ಇಲ್ಲವೆಂದಾದರೆ ಅದು ಎಷ್ಟೇ ಥಳಥಳಿಸಲಿ, ಪಟ್ಟಿಯಿಂದ ಹೊರಗಿಡುವುದೇ ಸರಿ.